ಅಟ್ಟದ ಅಡಿಕೆ, ಮಂಡಿಯ ಅಡಿಕೆ: ಕ್ರಿಪ್ಟೋ ಪರದೆಗೆ ಬೇಕಾದ ಕನ್ನಡ

ಶೃಂಗೇರಿಯಿಂದ ಕೆರೆಕಟ್ಟೆ ಕಡೆಗೆ ಹೋಗುವಾಗ ತುಂಗೆಯ ಪಕ್ಕದಲ್ಲಿ ಸಿಗುವ ಊರು ನೆಮ್ಮಾರ್. ಕಳೆದ ಅಡಿಕೆ ಸುಗ್ಗಿಯಲ್ಲಿ ಅಲ್ಲಿನ ನೆಂಟರ ಮನೆಯಲ್ಲಿ ಎರಡು ದಿನ ಉಳಿದಿದ್ದೆ. ರಾತ್ರಿ ಜಗುಲಿಯಲ್ಲಿ ಅಡಿಕೆ ಸುಲಿಯುತ್ತಿದ್ದಾಗ, ಬೆಂಗಳೂರಿನಿಂದ ಬಂದಿದ್ದ ಹುಡುಗ ತನ್ನ ಸೋದರತ್ತೆಯ ಕೈಗೆ ಫೋನು ಕೊಟ್ಟ. ಕ್ರಿಪ್ಟೋ ಇಟ್ಟುಕೊಳ್ಳುವ ಒಂದು ಆ್ಯಪ್ ಅದು. ಅತ್ತೆಗೆ ಅರ್ಥವಾಗಲಿ ಎಂದು ಭಾಷೆಯನ್ನು ಕನ್ನಡಕ್ಕೆ ಬದಲಿಸಿದ್ದ. ಪರದೆಯ ಮೇಲೆ ‘ನಿಮ್ಮ ಬೀಜ ಪದಗುಚ್ಛವನ್ನು ಬ್ಯಾಕಪ್ ಮಾಡಿ’ ಎಂದಿತ್ತು. ಅತ್ತೆ ಎರಡು ಸಲ ಓದಿದರು. “ಬೀಜ ಅಂದ್ರೆ ಎಂತದೋ? ಬೀಜದಡಿಕೆಯಾ?” ಎಂದು ಕೇಳಿದರು. ಹುಡುಗ ವಿವರಿಸಿದ: ಹನ್ನೆರಡು ಪದಗಳಿರುತ್ತವೆ, ಬರೆದಿಟ್ಟುಕೊಳ್ಳಬೇಕು, ಯಾರಿಗೂ ಹೇಳಬಾರದು. “ಕಳೆದು ಹೋದ್ರೆ ಯಾರನ್ನ ಕೇಳೋದು?” “ಯಾರನ್ನೂ ಕೇಳೋ ಹಾಗಿಲ್ಲ ಅತ್ತೆ.” “ಹಂಗಾದ್ರೆ ಅದನ್ನೇ ಬರೀಬೇಕಪ್ಪ ಅಲ್ಲಿ.”

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹಣಕ್ಕೆ ಸಂಬಂಧಿಸಿದ ಪದವೊಂದನ್ನು ಪರದೆಯ ಮೇಲೆ ಹಾಕುವಾಗ ಅದು ಕನ್ನಡವೋ ಇಂಗ್ಲಿಷೋ, ದೇಸಿಯೋ ಸಂಸ್ಕೃತವೋ ಎಂದು ನಾವು ಜಗಳವಾಡುತ್ತೇವೆ. ಅತ್ತೆ ಕೇಳಿದ್ದು ಅದಕ್ಕಿಂತ ಹಿಂದಿನ ಪ್ರಶ್ನೆ: ಏನಾದರೂ ತಪ್ಪಿದರೆ ಉತ್ತರ ಕೊಡುವವರು ಯಾರು? ಆ ಪ್ರಶ್ನೆಗೆ ಉತ್ತರ ಹೇಳುವ ಪದವೇ ಒಳ್ಳೆಯ ಪದ. ಇದೇ ಅಳತೆಗೋಲು ಹಿಡಿದು ಕ್ರಿಪ್ಟೋ ಜಗತ್ತಿನ ಮುಖ್ಯ ಪದಗಳನ್ನು ಒಮ್ಮೆ ನೋಡಿ ಬರುವುದು ಈ ಬರಹದ ಕೆಲಸ.

ಹೆಸರಿನಿಂದಲೇ ತೊಡಕು ಶುರು. 2008ರ ಅಕ್ಟೋಬರ್ 31ರಂದು ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಹೊರಬಂದ ಬಿಟ್‌ಕಾಯಿನ್ ಪ್ರಬಂಧದಲ್ಲಿ ‘ಕ್ರಿಪ್ಟೋಕರೆನ್ಸಿ’ ಎಂಬ ಪದವೇ ಇಲ್ಲ. ಅದು ತನ್ನನ್ನು ಕರೆದುಕೊಂಡದ್ದು ಎಲೆಕ್ಟ್ರಾನಿಕ್ ನಗದು ಎಂದು. ಕರೆನ್ಸಿ ಎಂಬ ಹೆಸರು ಆಮೇಲೆ ಅಂಟಿಕೊಂಡಿತು. 2018ರ ಮಾರ್ಚ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸೇರಿದ ಜಿ20 ಹಣಕಾಸು ಸಚಿವರು ಆ ಪದವನ್ನು ಬಿಟ್ಟು ‘ಕ್ರಿಪ್ಟೋ ಆಸ್ತಿ’ ಎಂಬರ್ಥದ ಪದ ಬಳಸಿದರು. ನಮ್ಮ ರಿಸರ್ವ್ ಬ್ಯಾಂಕು ಅದೇ ವರ್ಷ ಏಪ್ರಿಲ್ 6ರ ಸುತ್ತೋಲೆಯಲ್ಲಿ ‘ವರ್ಚುವಲ್ ಕರೆನ್ಸಿ’ ಎಂದಿತು. ಆ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ತಳ್ಳಿಹಾಕಿತು. 2022ರ ಬಜೆಟ್ ‘ವರ್ಚುವಲ್ ಡಿಜಿಟಲ್ ಆಸ್ತಿ’ ಎಂಬ ಹೆಸರು ತಂದು, ಲಾಭದ ಮೇಲೆ ಶೇ 30 ತೆರಿಗೆ ಹಾಕಿ, ಆ ವರ್ಷದ ಜುಲೈ 1ರಿಂದ ವ್ಯವಹಾರಕ್ಕೆ ಶೇ 1 ಟಿಡಿಎಸ್ ಕಡಿತವಾಗುವಂತೆ ಮಾಡಿತು. ಹದಿನಾಲ್ಕು ವರ್ಷದಲ್ಲಿ ಒಂದೇ ವಸ್ತು ನಗದು, ಕರೆನ್ಸಿ, ಆಸ್ತಿ ಎಂಬ ಮೂರು ಹೆಸರುಗಳಲ್ಲಿ ಓಡಾಡಿತು.

ಈ ಮೂರೂ ಕನ್ನಡಕ್ಕೆ ಬಂದಾಗ ಬೇರೆ ಬೇರೆ ತೂಕ ಪಡೆಯುತ್ತವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ‘ಅವರಿಗೆ ಆಸ್ತಿ ಎಷ್ಟಿದೆ?’ ಎಂದು ಕೇಳಿದರೆ ಬರುವ ಉತ್ತರ ಎಕರೆಯಲ್ಲಿ. ಆಸ್ತಿ ಎಂದರೆ ತೋಟ, ಗದ್ದೆ, ಪಹಣಿಯಲ್ಲಿ ಹೆಸರು. ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವಂಥದ್ದು. ‘ಡಿಜಿಟಲ್ ಆಸ್ತಿ’ ಎಂಬ ಜಾಹೀರಾತು ಓದಿದವರ ಮನಸ್ಸಿನಲ್ಲಿ ಆ ಎಲ್ಲ ನೆಲದ ಭಾರ ಈ ಅಂಕಿಯ ಮೇಲೆ ಬಂದು ಕೂರುತ್ತದೆ. ಕಾನೂನಿನ ಕಾಗದದಲ್ಲಿ ಆ ಪದ ಇರಲಿ, ಅಲ್ಲಿ ಅದಕ್ಕೊಂದು ವ್ಯಾಖ್ಯೆ ಇದೆ. ಮಾರುವವನ ಪರದೆಯಲ್ಲಿ ಅದು ಬೇಡ. ಇನ್ನು ಕೆಲವರು ‘ಗೂಢ ನಾಣ್ಯ’, ‘ಗುಪ್ತ ಹಣ’ ಎಂದು ಅನುವಾದಿಸಿದರು. ಅದು ಇನ್ನೊಂದು ದಿಕ್ಕಿನ ತಪ್ಪು. ಕ್ರಿಪ್ಟೋ ಎಂಬ ಭಾಗ ಹೇಳುವುದು ಸಹಿಯನ್ನು ಖಾತರಿಪಡಿಸುವ ಗೂಢಲಿಪಿ ಗಣಿತವನ್ನು. ಬಿಟ್‌ಕಾಯಿನ್ನಿನ ಲೆಕ್ಕವಾದರೋ ಜಗತ್ತಿನಲ್ಲಿ ಯಾರು ಬೇಕಾದರೂ ತೆರೆದು ಓದಬಹುದಾದಷ್ಟು ಬಯಲು. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಯಿತು ಎಂಬುದೆಲ್ಲ ಅಲ್ಲಿದೆ. ಅದನ್ನು ಗುಪ್ತ ಎಂದು ನಂಬಿದವನು ಮೋಸ ಹೋಗುತ್ತಾನೆ. ಹಾಗಾಗಿ ಹೆಸರಿನ ಮಟ್ಟಿಗೆ ‘ಬಿಟ್‌ಕಾಯಿನ್’, ‘ಕ್ರಿಪ್ಟೋ’ ಎಂಬ ಎರವಲು ಪದಗಳೇ ಸಾಕು ಎಂದು ನನ್ನ ತೀರ್ಮಾನ. ಪತ್ರಿಕೆ ಓದುವ ಕನ್ನಡಿಗರಿಗೆ ಅವು ಗೊತ್ತು, ಸುಳ್ಳು ಭರವಸೆಯನ್ನೂ ಕೊಡುವುದಿಲ್ಲ.

ಪದ ತಪ್ಪಿದರೆ ಏನಾಗಬಹುದು ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆ ಇದೆ. ತುಮಕೂರು ಮೂಲದ ಯುನೊಕಾಯಿನ್ ಈ ವ್ಯವಹಾರದಲ್ಲಿ ದೇಶದ ಮೊದಲಿಗರಲ್ಲಿ ಒಂದು, ಶುರುವಾದದ್ದು 2013ರಲ್ಲಿ. 2018ರ ಅಕ್ಟೋಬರ್‌ನಲ್ಲಿ ಅದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕೆಂಪ್ ಫೋರ್ಟ್ ಮಾಲ್‌ನಲ್ಲಿ ಹಣ ಹಾಕುವ, ತೆಗೆಯುವ ಒಂದು ಯಂತ್ರ ನಿಲ್ಲಿಸಿತು. ಊರೆಲ್ಲ ಅದನ್ನು ‘ಬಿಟ್‌ಕಾಯಿನ್ ಎಟಿಎಂ’ ಎಂದು ಕರೆಯಿತು. ಎಟಿಎಂ ಎಂದ ಕೂಡಲೇ ಬ್ಯಾಂಕು, ಪರವಾನಗಿ, ರಿಸರ್ವ್ ಬ್ಯಾಂಕು ಎಲ್ಲವೂ ನೆನಪಾಗುತ್ತವೆ. ಕೆಲವೇ ದಿನಗಳಲ್ಲಿ ಪೊಲೀಸರು ಯಂತ್ರವನ್ನು ವಶಪಡಿಸಿಕೊಂಡರು, ಸಂಸ್ಥಾಪಕರು ಬಂಧನಕ್ಕೂ ಒಳಗಾದರು. ಆ ವಾದವಿವಾದದ ನಡುವೆ ನಿಂತಿದ್ದ ಮಾತು ಒಂದು: ಆ ವರ್ಷದ ಬಜೆಟ್ ಭಾಷಣದಲ್ಲಿ ಅರುಣ್ ಜೇಟ್ಲಿ ಅವರು ಕ್ರಿಪ್ಟೋವನ್ನು ಸರ್ಕಾರ ಲೀಗಲ್ ಟೆಂಡರ್ ಎಂದು ಪರಿಗಣಿಸುವುದಿಲ್ಲ ಎಂದಿದ್ದರು. ಲೀಗಲ್ ಟೆಂಡರ್ ಅಲ್ಲ ಎನ್ನುವುದಕ್ಕೂ ಕಾನೂನುಬಾಹಿರ ಎನ್ನುವುದಕ್ಕೂ ಅಜಗಜಾಂತರ. ಕನ್ನಡದಲ್ಲಿ ಆ ಅಂತರ ಇನ್ನೂ ಸುಲಭವಾಗಿ ಅಳಿಸಿಹೋಗುತ್ತದೆ. ‘ಕಾನೂನುಬದ್ಧ ಹಣವಲ್ಲ’ ಎಂದು ಬರೆದರೆ, ಓದುವವರು ‘ಕಾನೂನಿಗೆ ವಿರುದ್ಧ’ ಎಂದೇ ತಿಳಿಯುತ್ತಾರೆ.

ಜನರ ಬಾಯಲ್ಲಿ ಮಾತ್ರ ಇದಕ್ಕೆ ಸರಿಯಾದ ಪದ ಮೊದಲಿನಿಂದಲೂ ಇದೆ. ಹರಿದ ನೋಟು ಹಿಡಿದು ಅಂಗಡಿಯವನು ‘ಇದು ನಡೆಯಲ್ಲ’ ಎನ್ನುತ್ತಾನೆ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ಹಿಡಿದ ಮನೆಮನೆಯಲ್ಲೂ ಕೇಳಿದ್ದು ಅದೇ ಮಾತು, ‘ಇನ್ನು ನಡೆಯಲ್ವಂತೆ’. ನಡೆಯುವ ಹಣ, ನಡೆಯದ ಹಣ. ಲೀಗಲ್ ಟೆಂಡರ್ ಎಂಬುದರ ಪೂರ್ಣ ಅರ್ಥ ಈ ಕ್ರಿಯಾಪದದೊಳಗಿದೆ: ಸಾಲ ತೀರಿಸಲು ಕೊಟ್ಟರೆ ಎದುರಿನವನು ಬೇಡ ಎನ್ನುವಂತಿಲ್ಲ. ‘ಬಿಟ್‌ಕಾಯಿನ್ ನಡೆಯುವ ಹಣವಲ್ಲ. ಇದನ್ನು ಯಾರೂ ತೆಗೆದುಕೊಳ್ಳಲೇಬೇಕೆಂದಿಲ್ಲ. ಇಟ್ಟುಕೊಳ್ಳುವುದು ಅಪರಾಧವಲ್ಲ, ಲಾಭಕ್ಕೆ ತೆರಿಗೆ ಇದೆ.’ ಆ್ಯಪ್ ಒಂದರ ಮೊದಲ ಪುಟದಲ್ಲಿ ಇಷ್ಟು ಬರೆದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಹೀಗೆ ಬಾಯಲ್ಲಿದ್ದೂ ಪರದೆಗೆ ಬಾರದೆ ಉಳಿದ ಪದಗಳ ದೊಡ್ಡ ಕಣಜ ನಮ್ಮಲ್ಲಿದೆ. ಮಲೆನಾಡಿನ ಸಹಕಾರ ಸಂಘಗಳ ಹಳೆಯ ಪುಸ್ತಕ ತೆರೆದವರಿಗೆ ಗೊತ್ತು: ಖಿರ್ದಿ, ಖಾತೆ, ಜಮಾ, ಖರ್ಚು, ಉದ್ರಿ, ಠೇವಣಿ, ಅಡಮಾನ, ಆರಂಭ ಶಿಲ್ಕು, ಆಖೈರು ಶಿಲ್ಕು. ಇವುಗಳಲ್ಲಿ ಹಲವು ಪಾರ್ಸಿ, ಅರಬ್ಬಿಯಿಂದ ಮರಾಠಿ, ಹಿಂದುಸ್ತಾನಿಗಳ ಮೂಲಕ ಬಂದವು. ಬಂದು ಎಷ್ಟೋ ತಲೆಮಾರು ಕಳೆದು ಕನ್ನಡವೇ ಆಗಿಹೋದವು. ಬ್ಯಾಂಕಿನ ಯಂತ್ರಗಳಿಗೆ ಕನ್ನಡ ಬಂದಾಗ ಈ ಕಣಜದ ಬಾಗಿಲು ಯಾರೂ ತೆರೆಯಲಿಲ್ಲ. ಖಾತೆಯಲ್ಲಿ ಉಳಿದ ಹಣಕ್ಕೆ ‘ಬಾಕಿ’ ಎಂದು ಬರೆದ ಪರದೆಗಳನ್ನು ನಾನು ಕಂಡಿದ್ದೇನೆ. ಕನ್ನಡದಲ್ಲಿ ಬಾಕಿ ಎಂದರೆ ಕೊಡಬೇಕಾದದ್ದು. ಅಂಗಡಿಯ ಬಾಕಿ, ಸೊಸೈಟಿಯ ಬಾಕಿ, ಕಂದಾಯದ ಬಾಕಿ. ಬೆಳೆಸಾಲ ತೀರಿಸಿ ಬಂದ ಮುದುಕರೊಬ್ಬರು ಪರದೆಯಲ್ಲಿ ‘ಬಾಕಿ’ಯ ಎದುರು ಇಪ್ಪತ್ತು ಸಾವಿರ ಕಂಡು ಗಾಬರಿಯಾದರೆ ತಪ್ಪು ಅವರದಲ್ಲ. ‘ಶಿಲ್ಕು’ ಎಂದಿದ್ದರೆ, ಅಥವಾ ನೇರವಾಗಿ ‘ಖಾತೆಯಲ್ಲಿ ಇರುವ ಹಣ’ ಎಂದಿದ್ದರೆ ಕೆಲಸ ಮುಗಿಯುತ್ತಿತ್ತು.

ಇದೇ ಕಣಜದಿಂದ ಬ್ಲಾಕ್‌ಚೈನ್‌ಗೂ ಒಂದು ಒಳ್ಳೆಯ ಹೋಲಿಕೆ ಸಿಗುತ್ತದೆ. ಅದನ್ನು ವಿವರಿಸುವವರೆಲ್ಲ ‘ಹಂಚಿದ ಲೆಡ್ಜರ್’ ಎನ್ನುತ್ತಾರೆ. ಲೆಡ್ಜರ್ ಎಂದರೆ ಖಾತೆವಾರು ಪುಸ್ತಕ, ಒಬ್ಬೊಬ್ಬರಿಗೆ ಒಂದೊಂದು ಪುಟ. ಬಿಟ್‌ಕಾಯಿನ್ನಿನ ದಾಖಲೆ ಹಾಗಿಲ್ಲ. ಅದು ದಿನಚರಿಯಂತೆ ನಡೆದ ವ್ಯವಹಾರಗಳನ್ನು ನಡೆದ ಕ್ರಮದಲ್ಲೇ ಬರೆಯುತ್ತ ಹೋಗುತ್ತದೆ. ಅಂದರೆ ಅದು ಖಿರ್ದಿ. ಖಿರ್ದಿ ಬರೆಯುವ ಗುಮಾಸ್ತ ಇಂದಿನ ಪುಟದ ಕೊನೆಯ ಆಖೈರು ಶಿಲ್ಕನ್ನು ನಾಳೆಯ ಪುಟದ ತಲೆಯಲ್ಲಿ ಆರಂಭ ಶಿಲ್ಕು ಎಂದು ಬರೆದೇ ಮುಂದೆ ಹೋಗಬೇಕು. ನಡುವಿನ ಒಂದು ಪುಟ ತಿದ್ದಿದರೆ ಮುಂದಿನ ಎಲ್ಲ ಪುಟಗಳ ಶಿಲ್ಕು ತಾಳೆಯಾಗುವುದಿಲ್ಲ. ಬ್ಲಾಕ್‌ಚೈನ್ ಮಾಡುವುದೂ ಇದನ್ನೇ. ಪ್ರತಿ ಬ್ಲಾಕಿನ ತಲೆಯಲ್ಲಿ ಹಿಂದಿನ ಬ್ಲಾಕಿನ ಗಣಿತದ ಗುರುತು ಇರುತ್ತದೆ. ವ್ಯತ್ಯಾಸ ಇಷ್ಟೆ: ಇಲ್ಲಿ ಶಿಲ್ಕಿನ ಜಾಗದಲ್ಲಿ ಇಡೀ ಪುಟದ ಗುರುತೇ ಇದೆ, ಮತ್ತು ಪುಸ್ತಕದ ಪ್ರತಿ ಸಾವಿರಾರು ಜನರ ಹತ್ತಿರ ಇದೆ. ನೆಮ್ಮಾರಿನ ಜಗುಲಿಯಲ್ಲಿ ಇದನ್ನು ಹೀಗೆ ಹೇಳಿದಾಗ, ಹಿಂದೆ ಸೊಸೈಟಿಯಲ್ಲಿ ಲೆಕ್ಕ ಬರೆದಿದ್ದ ಹಿರಿಯರೊಬ್ಬರಿಗೆ ಎರಡನೇ ವಾಕ್ಯ ಬೇಕಾಗಲಿಲ್ಲ.

ಶೃಂಗೇರಿಯ ಹೆಸರು ಬಂದ ಮೇಲೆ ಕಡತದ ಮಾತೂ ಬರಬೇಕು. ಶೃಂಗೇರಿ ಮಠದ ಹಳೆಯ ದಾಖಲೆಗಳಲ್ಲಿ ಕಡತಗಳಿಗೆ ದೊಡ್ಡ ಸ್ಥಾನ. ಬಟ್ಟೆಗೆ ಹುಣಿಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಹಲಗೆಯಂತೆ ಮಾಡಿ, ಮಡಿಚಿ, ಬಳಪದಲ್ಲಿ ಬರೆಯುತ್ತಿದ್ದರು. ಇಂದು ಕಚೇರಿಯ ಫೈಲಿಗೆ ಕಡತ ಎಂಬ ಹೆಸರು ಉಳಿದಿದೆ. ಬ್ಲಾಕ್‌ಚೈನ್‌ಗೆ ಕಡತ ಎಂದರೆ ಕೇಳಲು ಚೆಂದ. ಆದರೆ ಕಡತದ ಬರಹವನ್ನು ಒರೆಸಿ ಮತ್ತೆ ಬರೆಯಬಹುದಿತ್ತು, ಅದೇ ಅದರ ಅನುಕೂಲ. ಬ್ಲಾಕ್‌ಚೈನಿನ ಗುಣ ಅದಕ್ಕೆ ವಿರುದ್ಧ. ಹಳೆಯ ಪದ ತರುವಾಗ ಅದರ ನೆನಪಷ್ಟೇ ಅಲ್ಲ, ಅದರ ಸ್ವಭಾವವೂ ಹೊಂದುತ್ತದೆಯೇ ಎಂದು ನೋಡಬೇಕು.

ಈಗ ಬಳಕೆದಾರನ ಹಣವನ್ನು ನೇರವಾಗಿ ಮುಟ್ಟುವ ಪದಗಳಿಗೆ ಬರೋಣ. ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸಿದ್ದು ‘ವಾಲೆಟ್’. ಪರ್ಸು, ಹಣದ ಚೀಲ ಎಂದರೆ ಒಳಗೆ ಹಣ ಇರುತ್ತದೆ. ಕ್ರಿಪ್ಟೋ ವಾಲೆಟ್ಟಿನಲ್ಲಿ ಹಣ ಇರುವುದೇ ಇಲ್ಲ. ಹಣದ ಲೆಕ್ಕ ಇರುವುದು ಆ ದೊಡ್ಡ ಖಿರ್ದಿಯಲ್ಲಿ. ವಾಲೆಟ್ಟಿನಲ್ಲಿರುವುದು ಆ ಖಿರ್ದಿಯಲ್ಲಿ ನಿಮ್ಮ ಪರವಾಗಿ ಸಹಿ ಹಾಕುವ ಕೀಲಿ. ಗೊಂದಲ ಇಲ್ಲಿಗೇ ನಿಲ್ಲುವುದಿಲ್ಲ. 2022ರ ಡಿಸೆಂಬರ್ 1ರಂದು ರಿಸರ್ವ್ ಬ್ಯಾಂಕು ಜನಸಾಮಾನ್ಯರ ಡಿಜಿಟಲ್ ರೂಪಾಯಿಯ ಪ್ರಯೋಗ ಶುರು ಮಾಡಿತು, ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ಅದೂ ಫೋನಿನಲ್ಲಿ ವಾಲೆಟ್ ಎಂದೇ ಕೂರುತ್ತದೆ. ಯುಪಿಐಗೂ ಮೊದಲಿನ ರೀಚಾರ್ಜ್ ವಾಲೆಟ್‌ಗಳೂ ಇವೆ. ಒಂದರ ಹಿಂದೆ ರಿಸರ್ವ್ ಬ್ಯಾಂಕು ನಿಂತಿದೆ, ಇನ್ನೊಂದರ ಹಿಂದೆ ಒಂದು ಕಂಪನಿ, ಮತ್ತೊಂದರ ಹಿಂದೆ ಯಾರೂ ಇಲ್ಲ. ಮೂರಕ್ಕೂ ಒಂದೇ ಹೆಸರು.

ಅಡಿಕೆ ಬೆಳೆಗಾರರು ಇಂಥ ಕಡೆ ಎಂದೂ ಒಂದೇ ಹೆಸರಿಗೆ ತೃಪ್ತರಾದವರಲ್ಲ. ಒಂದೇ ಮರದ ಅಡಿಕೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆ ಹೆಸರು, ಬೇರೆ ಬೇರೆ ಧಾರಣೆ. ಅಡಿಕೆ ಎಲ್ಲಿದೆ ಎಂಬುದಕ್ಕೂ ಹಾಗೆಯೇ. ಒಣಗಿಸಿದ ಅಡಿಕೆಯನ್ನು ಅಟ್ಟದ ಮೇಲೆ ಇಟ್ಟುಕೊಂಡರೆ ಇಲಿ, ಹುಳ, ಕಳ್ಳರ ಚಿಂತೆ ಎಲ್ಲ ನಿಮ್ಮದು. ಮಂಡಿಯಲ್ಲೋ ಸೊಸೈಟಿಯಲ್ಲೋ ಬಿಟ್ಟರೆ ಅವರ ರಶೀದಿ ನಿಮ್ಮ ಕೈಯಲ್ಲಿ, ಅಡಿಕೆ ಅವರ ಗೋದಾಮಿನಲ್ಲಿ. ಬೇಕಾದರೆ ಅದರ ಮೇಲೆ ಮುಂಗಡವೂ ಸಿಗುತ್ತದೆ. ಧಾರಣೆ ಏರಲಿ ಎಂದು ಕಾಯುವವರು ಈ ಎರಡರಲ್ಲಿ ಯಾವುದು ಎಂದು ಪ್ರತಿ ವರ್ಷ ಯೋಚಿಸುತ್ತಾರೆ. ಕ್ರಿಪ್ಟೋದಲ್ಲಿ ‘ಕಸ್ಟೋಡಿಯಲ್’, ‘ನಾನ್ ಕಸ್ಟೋಡಿಯಲ್’ ಎಂದು ನಾಲಿಗೆ ತಿರುಚುವ ಪದಗಳು ಹೇಳುವುದು ಇದನ್ನೇ. ಅಟ್ಟದ ಅಡಿಕೆ, ಮಂಡಿಯ ಅಡಿಕೆ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೋ ಕಳವಾದಾಗ ಸಿಕ್ಕಿಬಿದ್ದವರು ತಮ್ಮ ‘ವಾಲೆಟ್’ನಲ್ಲಿ ಹಣ ಇದೆ ಎಂದು ನಂಬಿದ್ದ ಸಾಮಾನ್ಯರು. ಅವರ ಅಡಿಕೆ ಇದ್ದದ್ದು ಮಂಡಿಯಲ್ಲಿ. ಹಾಗೆಂದು ಅವರ ಪರದೆ ಒಂದೇ ಒಂದು ಸಲವಾದರೂ ಎದ್ದು ಕಾಣುವ ಅಕ್ಷರದಲ್ಲಿ ಹೇಳಿದ್ದರೆ, ಕೆಲವರಾದರೂ ಬೇರೆ ತೀರ್ಮಾನ ಮಾಡುತ್ತಿದ್ದರು ಎಂಬುದು ನನ್ನ ನಂಬಿಕೆ.

ಹಾಗಾಗಿ ನನ್ನ ಸಲಹೆ, ವಾಲೆಟ್ ಎಂಬ ಪದ ಉಳಿಯಲಿ, ಅದರ ಕೆಳಗೆ ಒಂದು ಸಾಲು ಕಡ್ಡಾಯ ಇರಲಿ. ಒಂದು ಕಡೆ ‘ಇದು ನಮ್ಮ ಕಂಪನಿಯ ಬಳಿ ಇದೆ’ ಎಂದು. ಇನ್ನೊಂದು ಕಡೆ ‘ಇದರ ಕೀಲಿ ನಿಮ್ಮ ಬಳಿ ಮಾತ್ರ ಇದೆ’ ಎಂದು. ಮಂಡಿ, ಅಟ್ಟ ಎಂಬ ಹೋಲಿಕೆಯನ್ನು ವಿವರಣೆಯ ಪುಟದಲ್ಲಿ ಇಡಬಹುದು. ಗುಂಡಿಯ ಮೇಲೆ ಬೇಡ, ರಾಯಚೂರಿನವರಿಗೆ ಅಡಿಕೆ ಅಟ್ಟ ಗೊತ್ತಿರಬೇಕೆಂದಿಲ್ಲ.

ಇನ್ನು ಅತ್ತೆ ಎಡವಿದ ಬೀಜ. ಇಂಗ್ಲಿಷಿನಲ್ಲಿ ಅದಕ್ಕೆ ಬೀಜ ಎಂಬರ್ಥದ ಹೆಸರು ಬಂದದ್ದಕ್ಕೆ ಕಾರಣವಿದೆ. ಆ ಹನ್ನೆರಡು ಅಥವಾ ಇಪ್ಪತ್ತನಾಲ್ಕು ಪದಗಳಿಂದ ಒಂದು ದೊಡ್ಡ ಸಂಖ್ಯೆ ಹುಟ್ಟುತ್ತದೆ, ಆ ಸಂಖ್ಯೆಯಿಂದ ಎಲ್ಲ ಕೀಲಿಗಳೂ ಹುಟ್ಟುತ್ತವೆ. ಒಂದು ಬೀಜದಡಿಕೆಯಿಂದ ಮರ, ಮರದಿಂದ ತೋಟ. ತೋಟದವರಿಗೆ ಈ ಚಿತ್ರ ನಮಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಆದರೂ ಆ ಹೆಸರು ಬೇಡ. ಬೀಜ ಎಂಬುದು ಹಂಚುವ ವಸ್ತು. ‘ನಿಮ್ಮ ಮರದ್ದು ನಾಲ್ಕು ಬೀಜ ಕೊಡಿ’ ಎಂದು ಕೇಳಿದರೆ ಮಲೆನಾಡಿನಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. ಯಾರಿಗೂ ಕೊಡಬಾರದ ವಸ್ತುವಿಗೆ ಎಲ್ಲರಿಗೂ ಕೊಡುವ ವಸ್ತುವಿನ ಹೆಸರು ಇಡಬಾರದು. ಇಂಗ್ಲಿಷಿನಲ್ಲೂ ಈಗ ಅನೇಕ ವಾಲೆಟ್‌ಗಳು ಬೀಜವನ್ನು ಬಿಟ್ಟು, ಮರಳಿ ಪಡೆಯುವ ಪದಗಳು ಎಂಬರ್ಥದ ಹೆಸರಿಗೆ ಬಂದಿವೆ. ಅದು ಕೆಲಸವನ್ನು ಹೇಳುತ್ತದೆ, ಗುಟ್ಟಾಗಿಡಬೇಕು ಎಂದು ಹೇಳುವುದಿಲ್ಲ. ಕನ್ನಡದಲ್ಲಿ ‘ಗುಟ್ಟಿನ ಪದಗಳು’ ಎಂದು ನಾನು ಬರೆಯುತ್ತೇನೆ. ಜೊತೆಗೆ ಮೂರು ವಾಕ್ಯ: ‘ಈ ಪದಗಳು ಗೊತ್ತಿದ್ದವರು ನಿಮ್ಮ ಹಣವನ್ನೆಲ್ಲ ತೆಗೆಯಬಹುದು. ನಾವು ಇವನ್ನು ಎಂದೂ ಕೇಳುವುದಿಲ್ಲ. ಕಳೆದುಕೊಂಡರೆ ನಾವೂ ಸೇರಿ ಯಾರೂ ಮರಳಿ ಕೊಡಲಾರರು.’

ಆ ಪದಗಳು ಕನ್ನಡದಲ್ಲೇ ಇರಬಾರದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2013ರಲ್ಲಿ ಬಂದ ಬಿಐಪಿ 39 ಎಂಬ ಒಪ್ಪಂದದ ಪ್ರಕಾರ 2048 ಪದಗಳ ಒಂದು ಪಟ್ಟಿ ಬೇಕು. ಇಂಗ್ಲಿಷ್, ಜಪಾನಿ, ಕೊರಿಯನ್, ಚೀನಿ, ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್, ಜೆಕ್, ಪೋರ್ಚುಗೀಸ್ ಪಟ್ಟಿಗಳು ಅದರಲ್ಲಿ ಇವೆ. ಭಾರತದ ಒಂದು ಭಾಷೆಯೂ ಇಲ್ಲ. ಕನ್ನಡ ಪಟ್ಟಿ ಮಾಡುವುದು ಬರೀ ಪದ ಆರಿಸುವಷ್ಟು ಸುಲಭವಲ್ಲ. ಕಲು ಎಂದು ಆತುರದಲ್ಲಿ ಬರೆದರೆ ಅದು ಕಾಲೋ ಕಲ್ಲೋ? ಹಳಿ, ಹಳ್ಳಿ, ಹಾಲಿ, ಅಳಿ? ಲ, ಳ ಅದಲುಬದಲಾಗುವ, ಹಕಾರ ಬಿಡುವ ಊರುಗಳಿವೆ. ಯಂತ್ರದ ಒಳಗೂ ತೊಡಕಿದೆ. ‘ಕೊ’ ಎಂಬ ಅಕ್ಷರದ ಒತ್ವವನ್ನು ಯುನಿಕೋಡಿನಲ್ಲಿ ಒಂದೇ ಗುರುತಾಗಿಯೂ ಬರೆಯಬಹುದು, ಎರಡು ಗುರುತು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು. ಇದನ್ನು ಒಂದೇ ರೂಪಕ್ಕೆ ತರುವ ನಿಯಮವಿದೆ, ಆದರೆ ಪಾಲಿಸದ ಒಂದು ಕೀಬೋರ್ಡು ಸಾಕು, ಜೀವಮಾನದ ಉಳಿತಾಯದ ಬಾಗಿಲು ತೆರೆಯದೆ ಹೋಗಲು. ಒತ್ತಕ್ಷರವಿಲ್ಲದ, ಬರೆಯಲು ಉಚ್ಚರಿಸಲು ಒಂದನ್ನೊಂದು ಹೋಲದ ಎರಡು ಸಾವಿರ ಪದಗಳನ್ನು ಭಾಷಾ ವಿದ್ವಾಂಸರೂ ತಂತ್ರಜ್ಞರೂ ಕೂತು ಆರಿಸಿದರೆ ಅದು ಕನ್ನಡಕ್ಕೆ ನಿಜವಾದ ಸೇವೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ ವಿಜ್ಞಾನವನ್ನು ಕನ್ನಡದಲ್ಲೇ ಕಲಿಸಬಹುದು ಎಂದು ಹಟ ಹಿಡಿದು ಪಠ್ಯಪುಸ್ತಕಗಳನ್ನು ಬರೆಸಿದರು. ಅಂಥ ಹಟ ಇಲ್ಲಿಗೂ ಬೇಕು. ಪಟ್ಟಿ ಸಿದ್ಧವಾಗುವವರೆಗೆ ಗುಟ್ಟಿನ ಪದಗಳು ಇಂಗ್ಲಿಷಿನಲ್ಲಿರಲಿ, ಅವುಗಳ ಸುತ್ತಲಿನ ಎಚ್ಚರಿಕೆ ಕನ್ನಡದಲ್ಲಿರಲಿ.

‘ಸ್ಟೇಬಲ್‌ಕಾಯಿನ್’ ಮತ್ತು ‘ಸ್ಟೇಕಿಂಗ್’ ಈ ಎರಡರ ಬಗ್ಗೆ ನನಗೆ ನಿಜವಾದ ಆತಂಕ ಇದೆ. ಮೊದಲನೆಯದನ್ನು ‘ಸ್ಥಿರ ನಾಣ್ಯ’ ಎಂದರೆ ಸ್ಥಿರಾಸ್ತಿಯ ನೆನಪು ಬರುತ್ತದೆ. ಆ ವರ್ಗದ ಟೆರಾಯುಎಸ್‌ಡಿ 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ಕುಸಿದು ಹೋಯಿತು. ‘ಡಾಲರ್ ಬೆಲೆಗೆ ಕಟ್ಟಿದ ಟೋಕನ್’ ಎಂದರೆ ಕಟ್ಟು ಬಿಚ್ಚಿಹೋಗಬಹುದು ಎಂಬ ಸಾಧ್ಯತೆಯೂ ಪದದೊಳಗೇ ಉಳಿಯುತ್ತದೆ. ಪ್ರತಿಫಲಕ್ಕಾಗಿ ಕ್ರಿಪ್ಟೋವನ್ನು ಜಾಲದಲ್ಲಿ ಕಟ್ಟಿಡುವ ಸ್ಟೇಕಿಂಗನ್ನು ‘ಠೇವಣಿ’, ಅದರ ಪ್ರತಿಫಲವನ್ನು ‘ಬಡ್ಡಿ’ ಎನ್ನುವುದಂತೂ ಅಪಾಯ. ಬ್ಯಾಂಕಿನ ಠೇವಣಿಗೆ 2020ರ ಫೆಬ್ರವರಿಯಿಂದ ಐದು ಲಕ್ಷ ರೂಪಾಯಿವರೆಗೆ ವಿಮೆ ಇದೆ. ಈ ‘ಠೇವಣಿ’ಗೆ ಒಂದು ರೂಪಾಯಿಯದೂ ಇಲ್ಲ. ಒಳ್ಳೆಯ ಹಳೆಯ ಪದ ಎಂಬ ಒಂದೇ ಕಾರಣಕ್ಕೆ ಅದರ ಹಿಂದಿನ ನಂಬಿಕೆಯನ್ನು ಬೇರೆಯವರಿಗೆ ಎರವಲು ಕೊಡಬಾರದು.

ಉಳಿದವನ್ನು ಬೇಗ ಮುಗಿಸುತ್ತೇನೆ. ಹೊಸ ಬ್ಲಾಕು ಸೇರಿಸಿ ಹೊಸ ಬಿಟ್‌ಕಾಯಿನ್ ಪಡೆಯುವ ಕೆಲಸಕ್ಕೆ ‘ಮೈನಿಂಗ್’ ಎಂಬ ಹೆಸರು, ಸತೋಶಿಯ ಪ್ರಬಂಧವೇ ಮಾಡಿದ ಚಿನ್ನದ ಗಣಿಯ ಹೋಲಿಕೆಯಿಂದ ಬಂದದ್ದು. ನೆಮ್ಮಾರಿನಿಂದ ಮುಂದೆ ಹೋದರೆ ಕುದುರೆಮುಖದ ಕಾಡು. ಅಲ್ಲಿ 2005ರ ಡಿಸೆಂಬರ್ 31ರಂದು ನಿಂತ ಕಬ್ಬಿಣದ ಅದಿರಿನ ಗಣಿಯ ನೆನಪು ಈ ಕಡೆಯ ಜನರಲ್ಲಿ ಹಸಿಯಾಗಿದೆ. ‘ಗಣಿಗಾರಿಕೆ’ ಎಂದರೆ ಇಲ್ಲಿ ಕಾಣುವುದು ಕೆಂಪು ನೀರು, ಅಗೆದ ಬೆಟ್ಟ. ಸಾಮಾನ್ಯ ಬಳಕೆದಾರನಿಗೆ ಈ ಪದ ತೋರಿಸುವ ಅಗತ್ಯವೇ ಇಲ್ಲ. ‘ಗ್ಯಾಸ್ ಫೀ’ ಎಂದರೆ ಸಿಲಿಂಡರ್ ನೆನಪಾಗುತ್ತದೆ, ‘ಕಳಿಸುವ ಶುಲ್ಕ’ ಎಂದರೆ ಸಾಕು. ‘ಟೋಕನ್’ ಎಲ್ಲರಿಗೂ ಗೊತ್ತಿರುವ ಪದ, ಆಸ್ಪತ್ರೆಯ ಸರದಿಯಿಂದ. ಸರದಿ ಚೀಟಿ ಇಲ್ಲಿ ಏನು ಮಾಡುತ್ತಿದೆ ಎಂದು ಒಂದು ಸಲ ವಿವರಿಸಿದರೆ ಆಯಿತು.

ಅಂಕಿಗಳ ವಿಚಾರದಲ್ಲಿ ನಮಗೆ ಒಳ್ಳೆಯ ಪಾಠವೊಂದು ಹಿಂದೆಯೇ ಇದೆ. ಒಂದು ಬಿಟ್‌ಕಾಯಿನ್‌ನಲ್ಲಿ ಹತ್ತು ಕೋಟಿ ಸತೋಶಿ. ಪರದೆ 0.00045 ಎಂದು ತೋರಿಸಿದರೆ ಅದು ಹೆಚ್ಚೋ ಕಡಿಮೆಯೋ ತಿಳಿಯುವುದಿಲ್ಲ, ಒಂದು ಸೊನ್ನೆ ಜಾರಿದರೆ ಹತ್ತು ಪಟ್ಟು ತಪ್ಪು. ಚಿಕ್ಕ ಘಟಕವನ್ನೇ ‘ಬಿಟ್‌ಕಾಯಿನ್’ ಎಂದು ಕರೆಯೋಣ ಎಂಬ ಸೂಚನೆಯೊಂದು ಬಿಐಪಿ 177 ಎಂಬ ಹೆಸರಿನಲ್ಲಿ ಚರ್ಚೆಯಲ್ಲಿದೆ. ದಶಾಂಶ ಹೋಗುತ್ತದೆ ಎಂಬುದು ಅದರ ವಾದ. ನನಗೆ ಅದು ಸರಿ ಕಾಣುವುದಿಲ್ಲ. 1957ರ ಏಪ್ರಿಲ್ 1ರಂದು ಹದಿನಾರು ಆಣೆಯ ರೂಪಾಯಿ ನೂರು ಪೈಸೆಯಾದಾಗ, ಸರ್ಕಾರ ಹೊಸ ನಾಣ್ಯವನ್ನು ಬರೀ ಪೈಸೆ ಎನ್ನಲಿಲ್ಲ, ‘ನಯಾ ಪೈಸೆ’ ಎಂದಿತು. ಹಳೆಯ ಪೈಸೆ ರೂಪಾಯಿಗೆ 64, ಹೊಸದು ನೂರು. ಎರಡೂ ಒಟ್ಟಿಗೆ ಸಂತೆಯಲ್ಲಿ ಓಡಾಡುವಾಗ ಹೆಸರು ಒಂದೇ ಆದರೆ ಬಡವನಿಗೆ ನಷ್ಟ. ಏಳು ವರ್ಷ ಕಾದು, 1964ರ ಜೂನ್ 1ರಂದು ‘ನಯಾ’ ತೆಗೆದರು. ಅಷ್ಟಾದರೂ ಜನ ಎಂಟಾಣೆ, ನಾಲ್ಕಾಣೆ ಎನ್ನುವುದನ್ನು ಬಿಡಲಿಲ್ಲ. ಹಳೆಯ ಹೆಸರನ್ನು ಹೊಸ ಅಳತೆಗೆ ಅಂಟಿಸಬಾರದು ಎಂದು ಅಂದಿನ ಟಂಕಸಾಲೆಗೆ ಗೊತ್ತಿತ್ತು. ಕನ್ನಡ ಪರದೆಯಲ್ಲಿ ಮೊದಲು ರೂಪಾಯಿ ಬೆಲೆ, ಅದರ ಕೆಳಗೆ ಸತೋಶಿ, ಲಕ್ಷ ಕೋಟಿಯ ಅಲ್ಪವಿರಾಮದೊಂದಿಗೆ. ಅಷ್ಟು ಸಾಕು.

ಹೆಸರು ತಂದ ಮೋಸವನ್ನು ಕಂಡು ಹೆಸರನ್ನೇ ಬಿಟ್ಟವರೂ ಇದ್ದಾರೆ. ಇಥೀರಿಯಂ ಎಂಬ ಇನ್ನೊಂದು ಕ್ರಿಪ್ಟೋ ಜಾಲ ತನ್ನ ಹೊಸ ರೂಪವನ್ನು ‘ಎಥ್2’ ಎಂದು ಕರೆಯುತ್ತಿತ್ತು. ನಿಮ್ಮ ಹಳೆಯ ನಾಣ್ಯ ಕೊಟ್ಟು ಎಥ್2 ಪಡೆಯಿರಿ ಎಂದು ಠಕ್ಕರು ಜನರನ್ನು ಸುಲಿಯುವ ಅಪಾಯವನ್ನೂ ಒಂದು ಕಾರಣವಾಗಿ ಕೊಟ್ಟು, 2022ರ ಜನವರಿಯಲ್ಲಿ ಆ ಪದವನ್ನು ಕೈಬಿಟ್ಟರು. ನಮ್ಮ ಯುಪಿಐ ಕಥೆಯೂ ಇದಕ್ಕೆ ದೂರವಿಲ್ಲ. ಹಣ ‘ಕೇಳುವ’ ಕೋರಿಕೆಯನ್ನು ಹಣ ‘ಬರುವ’ ಸಂದೇಶ ಎಂದು ನಂಬಿಸಿ, ಪಿನ್ ಹಾಕಿಸಿ ದೋಚಿದ ಪ್ರಕರಣಗಳು ಲೆಕ್ಕವಿಲ್ಲದಷ್ಟು. ಪಡೆಯಲು ಪಿನ್ ಬೇಡ ಎಂದು ವರ್ಷಗಟ್ಟಲೆ ಪ್ರಚಾರ ನಡೆದರೂ ಗುಂಡಿಯ ಮೇಲಿನ ಮಾತು ಗೆಲ್ಲುತ್ತಲೇ ಇತ್ತು. ಕೊನೆಗೆ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಆ ಕೋರಿಕೆಯನ್ನೇ 2025ರ ಅಕ್ಟೋಬರ್‌ನಿಂದ ನಿಲ್ಲಿಸಬೇಕಾಯಿತು. ‘ದೃಢೀಕರಿಸಿ’, ‘ಅನುಮೋದಿಸಿ’ ಎಂಬ ಗುಂಡಿಗಳ ಜಾಗದಲ್ಲಿ ‘ನನ್ನ ಖಾತೆಯಿಂದ ₹5,000 ಕಳಿಸಿ’ ಎಂದಿದ್ದರೆ ಎಷ್ಟು ಮನೆಗಳ ಹಣ ಉಳಿಯುತ್ತಿತ್ತೋ.

ಕನ್ನಡ ಪದಕಟ್ಟುವವರಲ್ಲಿ ಎರಡು ಗುಂಪಿದೆ. ಸಂಸ್ಕೃತದಿಂದ ಕಟ್ಟುವವರು ಒಂದು ಕಡೆ. ಡಿ.ಎನ್. ಶಂಕರ ಭಟ್ಟರ ದಾರಿಯಲ್ಲಿ ಕನ್ನಡದ್ದೇ ಬೇರುಗಳಿಂದ ಕಟ್ಟುವವರು ಇನ್ನೊಂದು ಕಡೆ. ಮಿಂಚಂಚೆಯಂಥ ಚೆಲುವಾದ ಪದಗಳು ಆ ಉತ್ಸಾಹದ ಫಲ. ಎರಡೂ ಕಡೆಯವರ ಬಗ್ಗೆ ನನಗೆ ಗೌರವ ಇದೆ. ಆದರೆ ಹಣದ ಪರದೆಯಲ್ಲಿ ಹೊಸ ಪದವನ್ನು ಪರೀಕ್ಷೆಗೆ ಬಿಡುವಂತಿಲ್ಲ, ತಪ್ಪಿದರೆ ಬೆಲೆ ಕೊಡುವವರು ಓದುಗರು. 2000ದ ಹೊತ್ತಿಗೆ ಭೂಮಿ ಯೋಜನೆ ಜಮೀನಿನ ದಾಖಲೆಗಳನ್ನು ಗಣಕಕ್ಕೆ ಏರಿಸಿದಾಗ ಜನ ಕೇಳಿದ್ದು ‘ಪಹಣಿ’ಯನ್ನೇ, ಕಿಟಕಿಯ ಆಚೆ ಸಿಕ್ಕಿದ್ದೂ ಪಹಣಿಯೇ. ಒಳಗಿನ ಯಂತ್ರ ಬದಲಾಯಿತು, ಹೆಸರು ಬದಲಾಗಲಿಲ್ಲ. ರೈತರು ತಮ್ಮ ದಾಖಲೆಯನ್ನು ಗುರುತಿಸಲು ಕಷ್ಟಪಡಲಿಲ್ಲ.

ಜಗುಲಿಯ ಆ ರಾತ್ರಿ ಕಳೆದು ಮರುದಿನ ಹೊರಡುವ ಮೊದಲು ಆ ಹುಡುಗನೂ ನಾನೂ ಒಂದು ಪ್ರಯೋಗ ಮಾಡಿದೆವು. ನೆಮ್ಮಾರಿನ ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಹಣ ಕಳಿಸುವ ಹೊತ್ತಿಗೆ ಸಿಗ್ನಲ್ ಹೋದರೆ ಪರದೆ ‘ಪ್ರಕ್ರಿಯೆಯಲ್ಲಿದೆ’ ಎನ್ನುತ್ತದೆ. ಅತ್ತೆಯನ್ನು ಕೇಳಿದೆವು, ಇದಕ್ಕೆ ಏನು ಅರ್ಥ? ಆಗ್ತಾ ಇದೆ ಅಂತ, ಎಂದರು. ಆಗ್ತಾ ಇದೆಯೋ ಇಲ್ಲವೋ ಆ್ಯಪಿಗೇ ಗೊತ್ತಿಲ್ಲದ ಹೊತ್ತು ಅದು. ಯುಪಿಐ ಆದರೆ ಹೋಗದ ಹಣ ಮರಳಿ ಖಾತೆಗೆ ಬರಲು ರಿಸರ್ವ್ ಬ್ಯಾಂಕು 2019ರಲ್ಲೇ ಗಡುವು ಹಾಕಿದೆ, ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ. ಕ್ರಿಪ್ಟೋದಲ್ಲಿ ತಪ್ಪಿ ಎರಡು ಸಲ ಕಳಿಸಿದರೆ ಎರಡೂ ಹೋದವು. ನಾಲ್ಕೈದು ವಾಕ್ಯ ಬರೆದು, ಅತ್ತೆಗೆ ಓದಿಸಿ, ಹೊಡೆದು ಹಾಕಿ, ಕೊನೆಗೆ ಅವರೇ ತಿದ್ದಿಕೊಟ್ಟ ಮಾತು ಹುಡುಗನ ಪುಸ್ತಕದಲ್ಲಿದೆ: ‘ಸಿಗ್ನಲ್ ಇಲ್ಲ. ಹಣ ಹೋಗಿದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ. ಗೊತ್ತಾಗುವವರೆಗೆ ಮತ್ತೆ ಕಳಿಸಬೇಡಿ.’